ಹಡಗಿನಿಂದ ಮರಳಿದ ಮೆಣಸಿನಕಾಯಿ

"ಉಗುಳ್ರಿ ಸರ್! ಲಗೂ ಉಗುಳ್ರಿ!"

ಇನ್ಸ್‌ಪೆಕ್ಟರ್ ವೀರೇಂದ್ರ ಓಡಿಬಂದು ಹೆಡ್ ಕ್ಲರ್ಕ್ ಸೋಮಪ್ಪನವರ ಬಾಯಿಯ ಕೆಳಗೆ ಅಂಗೈ ಒಡ್ಡಿದ. ಸೋಮಪ್ಪನವರು ಕಣ್ಣು ಮುಚ್ಚಿ ತುತ್ತು ನುಂಗಿ, ಬೆರಳು ನೆಕ್ಕಿಕೊಂಡರು.

"ನಿಮ್ಮವ್ವನ ಕೈ ಅಂದ್ರ ಕೈ ನೋಡ್ರಿ. ಏನ್ ಚಟ್ನಿ, ಏನ್ ಬಣ್ಣ!"

"ಅದು ಚಟ್ನಿ ಅಲ್ರಿ, ಸ್ಯಾಂಪಲ್!"

ಹಾವೇರಿಯ ಆ ಆಹಾರ ತಪಾಸಣೆ ಕಚೇರಿಯಲ್ಲಿ ಎಲ್ಲರೂ ಬುತ್ತಿಯ ಡಬ್ಬಿಯ ಕಡೆ ಬಗ್ಗಿದರು.

ಬ್ಯಾಡಗಿಯ ಒಂದು ಕಂಪನಿ ಹಡಗಿನಲ್ಲಿ ಪರದೇಶಕ್ಕೆ ಮೆಣಸಿನಕಾಯಿ ಕಳಿಸಿತ್ತು. ಕೀಟನಾಶಕ ಮಿತಿ ಮೀರಿದೆಯೆಂದು ಅಲ್ಲಿಯವರು ಅದನ್ನು ಬಂದರಿನಿಂದಲೇ ತಿರುಗಿಸಿದ್ದರು, ಹೆಣ್ಣು ನೋಡಲು ಬಂದವರು ಚಹಾ ಸಹ ಕುಡಿಯದೆ ಎದ್ದುಹೋದ ಹಾಗೆ. ಅದೇ ಮಾಲನ್ನು ಈಗ ರಾಣೆಬೆನ್ನೂರಿನ ಹಾಸ್ಟೆಲುಗಳಿಗೆ ಮಾರಲು ಕಂಪನಿ ಸಿದ್ಧವಾಗಿತ್ತು. ನಿನ್ನೆ ಸಂಜೆ ವೀರೇಂದ್ರ ನಾಲ್ಕು ಪಾಕೀಟು ಮಾದರಿ ತೆಗೆದು, ಅರಗಿನ ಮುದ್ರೆ ಒತ್ತಿ, ಕಚೇರಿ ಮುಚ್ಚಿದ್ದರಿಂದ ಮನೆಗೆ ಒಯ್ದಿದ್ದ. ಈಗ ಚೀಲದಲ್ಲಿ ಬುತ್ತಿಯ ಡಬ್ಬಿ ಮಾತ್ರ ಇತ್ತು. ಜೊತೆಗೆ, ಪಾಕೀಟುಗಳಿಗೆ ಅಂಟಿಸಿದ್ದ, ಈಗ ಒದ್ದೆಯಾದ ನಾಲ್ಕು ಚೀಟಿಗಳು.

ಅವ್ವ ಭರಮವ್ವನಿಗೆ ಫೋನು ಹಚ್ಚಿದ.

"ಯವ್ವಾ, ಮುದ್ರಿ ಹಾಕಿದ್ದು ಕಾಣ್ಲಿಲ್ಲೇನು?"

"ಕಂಡಿತ್ತಪಾ. ಇಷ್ಟು ಬಂದೋಬಸ್ತ್ ಮಾಡ್ಯಾರಂದ್ರ ಚೊಲೋ ಮಾಲು ಇರಬೇಕು ಅಂದ್ಕೊಂಡೆ. ಚೀಟಿಗೆ ಎಣ್ಣಿ ಹತ್ತಿತ್ತು, ತೊಳದು ಇಟ್ಟೇನಿ."

"ನಾಕೂ ಪಾಕೀಟು ಕುಟ್ಟಿದ್ಯಾ?"

"ಮತ್ತ? ನೀನ ಮುಂಜಾನೆ ಅದ ಚಟ್ನಿ ಹಚ್ಚಿ ನಾಕ್ ರೊಟ್ಟಿ ಕಟದೀಯಲ್ಲೋ!"

ವೀರೇಂದ್ರನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಮಜ್ಜಿಗಿ ಕುಡೀರಿ ಇಬ್ರೂ," ಎಂದಳು ಟೈಪಿಸ್ಟ್ ದಿಲನಾಜ.

"ಮೂವತ್ತು ವರ್ಷ ಈ ಕ್ಯಾಂಟೀನಿನ ಚಹಾ ಕುಡದೇನಿ, ನನಗೇನಾಕ್ಕೈತಿ?" ಎಂದರು ಸೋಮಪ್ಪನವರು. "ಪ್ಯಾಟ್ಯಾಗ ಅರ್ಧ ಕಿಲೋ ಮೆಣಸಿನಕಾಯಿ ತಂದು ತುಂಬಿ ಕಳಸ್ರಿ. ಯಾರಿಗೆ ಗೊತ್ತಾಕ್ಕೈತಿ?"

"ಅದು ಪಾಸಾದ್ರ ಕಂಪನಿ ಮಾಲೂ ಪಾಸ್ ಆದಂಗ ಸರ್. ನನ್ನ ಮಗಳು ನಿರ್ಮಲಾ ರಾಣೆಬೆನ್ನೂರಿನ ಹಾಸ್ಟೆಲ್‌ನ್ಯಾಗ ಉಣ್ಣಾಕಿ."

ಸಂಜೆ ಐದರೊಳಗೆ ಮಾದರಿ ಲ್ಯಾಬಿಗೆ ಹೊರಡದಿದ್ದರೆ ಮಾಲಿಗೆ ತಡೆಯಿಲ್ಲ. ಹೊಸ ಮಾದರಿ ತರಲು ವೀರೇಂದ್ರ ಡಬ್ಬಿಯ ಸಮೇತ ಬಸ್ಸು ಹತ್ತಿದ. ಮೋಟೆಬೆನ್ನೂರಿನ ಹತ್ತಿರ ಬಸ್ಸು ಪಂಕ್ಚರಾಯಿತು. ಅಲ್ಲಿಂದ ಜೋಳದ ಚೀಲಗಳ ಮೇಲೆ ಕುಳಿತು ಟಂಟಂ ರಿಕ್ಷಾದಲ್ಲಿ ಬ್ಯಾಡಗಿ ಮುಟ್ಟಿದಾಗ, ಕಂಪನಿಯ ಕೋಲ್ಡ್ ಸ್ಟೋರೇಜಿನ ಮುಂದೆ ಲಾರಿಯೊಂದು ತುಂಬಿ ನಿಂತಿತ್ತು.

"ನಿಲ್ಲಸ್ರಿ! ಇನ್ನೊಮ್ಮೆ ಸ್ಯಾಂಪಲ್ ತಗೋಬೇಕು!"

ಕಂಪನಿಯ ಮ್ಯಾನೇಜರ್ ಪ್ರವೀಣಕುಮಾರ ನಗುತ್ತ ಕುರ್ಚಿ ಸರಿಸಿದ.

"ಬರ್ರಿ ಸಾಹೇಬ್ರ, ಕುಂದ್ರಿ. ಸ್ಯಾಂಪಲ್ ಯಾಕ ಬೇಕು? ಇವತ್ತ ಹನ್ನೊಂದಕ್ಕ ಕೀಟನಾಶಕದ ಮಿತೀನ ಹತ್ತು ಪಟ್ಟು ಏರಿಸ್ಯಾರ." ಮೊಬೈಲಿನಲ್ಲಿ ಆದೇಶ ತೋರಿಸಿದ.

"ಯಾರು ಏರಿಸಿದ್ರು?"

"ತಜ್ಞರ ಸಮಿತಿ. ನಮ್ಮ ಮಾಲಕರೂ ಅದರಾಗ ಅದಾರ."

"ಪರದೇಶದವರು ಬ್ಯಾಡ ಅಂದಿದ್ದು ನಮಗ ಹೆಂಗ್ರಿ ನಡೀತೈತಿ?"

"ನಮ್ಮ ಮಂದಿ ಹೊಟ್ಟಿ ಗಟ್ಟಿ ಅಂತ ವರದಿ ಬಂದೈತಿ."

"ವರದಿ ಮಾಡಿದವರು?"

"ಅದರ ಖರ್ಚು ನಾವ ಹಾಕೇವಿ. ಪಾಪ, ಸರಕಾರದ ಮ್ಯಾಲೆ ಭಾರ ಬೀಳಬಾರದಲ್ಲ!"

ಹೊರಗೆ ಲಾರಿ ಹಾರ್ನು ಹೊಡೆದು ರಾಣೆಬೆನ್ನೂರಿನ ದಾರಿ ಹಿಡಿಯಿತು. ಮಾದರಿ ಕಳೆದದ್ದಕ್ಕೆ ಇನ್ನು ಅವನನ್ನು ಯಾರೂ ಕೇಳುವಂತಿರಲಿಲ್ಲ. ನೌಕರಿ ಉಳಿದಿತ್ತು. ವೀರೇಂದ್ರ ಮಗಳಿಗೆ ಫೋನು ಮಾಡಿ ಏನು ಹೇಳಬೇಕೆಂದು ತಿಳಿಯದೆ, ಮೇಜಿನ ಮೇಲೆ ಬುತ್ತಿಯ ಡಬ್ಬಿ ತೆರೆದ. ಒಂದು ರೊಟ್ಟಿ, ಸೋಮಪ್ಪನವರು ಉಳಿಸಿದ ಚಟ್ನಿ. ಎದುರಿಗಿದ್ದವರನ್ನು ಕರೆಯದೆ ಡಬ್ಬಿ ಮುಟ್ಟುವ ರೂಢಿ ಅವನಿಗಿರಲಿಲ್ಲ.

"ಬರ್ರಿ, ಊಟ ಮಾಡೂಣು."

"ಬಂದೆ. ಲೋಡಿಂಗ್ ಗದ್ದಲದಾಗ ಮುಂಜಾನಿಂದ ನೀರೂ ಕುಡದಿಲ್ಲ." ಪ್ರವೀಣಕುಮಾರ ರೊಟ್ಟಿ ಮುರಿದು ಚಟ್ನಿಯನ್ನು ಧಾರಾಳವಾಗಿ ಹಚ್ಚಿ ಎತ್ತಿದ. "ಅಬಾ, ಏನ್ ಬಣ್ಣ! ಕಾಯಿ ಎಲ್ಲಿವ್ರಿ?"

"ನಿಮ್ಮವ. ನಿನ್ನೆ ಸ್ಯಾಂಪಲ್ ಒಯ್ದಿದ್ನಲ್ಲ, ಅವ."

ತುತ್ತು ತುಟಿಯ ಹತ್ತಿರ ನಿಂತಿತು.

"ತಿನ್ರಿ," ಎಂದ ವೀರೇಂದ್ರ. "ಮಿತಿಯೊಳಗ ಐತಿ."

ಪ್ರವೀಣಕುಮಾರ ತುತ್ತನ್ನು ಮೆಲ್ಲಗೆ ಡಬ್ಬಿಯಲ್ಲಿಟ್ಟು, ಬೆರಳುಗಳನ್ನು ಕರವಸ್ತ್ರದಿಂದ ಒಂದೊಂದಾಗಿ ಒರೆಸಿಕೊಂಡ.

"ನನಗ ಬ್ಯಾಡ."