ಗಟ್ಟಿಮೇಳ ತಡವಾಗಿ ಬಂದ ಮದುವೆ

ಕಂಪ್ಯೂಟರ್ ವಿಷಯದಲ್ಲಿ ನನ್ನ ಪಾಂಡಿತ್ಯವನ್ನು ಚಾಮರಾಜನಗರದ ನಮ್ಮ ಬೀದಿಯಲ್ಲಿ ಯಾರೂ ಪ್ರಶ್ನಿಸುವಂತಿರಲಿಲ್ಲ. ಕಾರಣ ಇಷ್ಟೆ, ಬೀದಿಯಲ್ಲಿ ಇನ್ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೈಸೂರಿನಿಂದ ತಂದ ಆ ಪೆಟ್ಟಿಗೆಗೆ ನನ್ನ ಹೆಂಡತಿ ಶಾರದ ಅರಿಶಿನ ಕುಂಕುಮ ಇಟ್ಟು, ಕಸೂತಿ ಹಾಕಿದ ಹೊದಿಕೆ ಹೊದಿಸಿದ್ದಳು.

ಆಗಲೇ ನನ್ನ ನಾದಿನಿ ಮಂಜುಳಾಳ ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ ಆದದ್ದು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಅಡುಗೆಯವರು ತುಪ್ಪ ಕೇಳಿದರು. ಉಗ್ರಾಣದ ಬೀಗದಕೈ ಇದ್ದದ್ದು ನಮ್ಮತ್ತೆಯ ಸೊಂಟದಲ್ಲಿ. ತುಪ್ಪ ಕೊಟ್ಟು ಅವರು ಓಡಿ ಬರುವಷ್ಟರಲ್ಲಿ ಮಗಳು ಮುತ್ತೈದೆಯಾಗಿದ್ದಳು. ಅವತ್ತಿನಿಂದ ಅವರದು ಒಂದೇ ಕೊರಗು. "ಎತ್ತ ತಾಯಿ ಆಗಿ ಮಗಳ ತಾಳಿ ನೋಡ್ನಿಲ್ವಲ್ಲ ನಾನು."

"ಅತ್ತೆ, ವಿಡಿಯೋನ ಸಿ.ಡಿ. ಮಾಡಿಸಿದ್ದೀನಿ. ನಮ್ಮನೆಗೆ ಬನ್ನಿ, ಮುಂದೆ ಕೂತು ಕಣ್ತುಂಬ ನೋಡಿ" ಎಂದು ನಾನು ಘೋಷಿಸಿದೆ. ಇಂಥ ಘೋಷಣೆ ಮಾಡುವಾಗ ನನ್ನ ನಾಲಿಗೆಗೆ ಮೂಳೆ ಇರುವುದಿಲ್ಲ.

ಭಾನುವಾರ ಬೇಗೂರಿನಿಂದ ಅತ್ತೆ ಮಾವ ಬಂದರು. ಅತ್ತೆ ರೇಷ್ಮೆ ಸೀರೆ ಉಟ್ಟು, ಸಣ್ಣ ಬಟ್ಟಲಲ್ಲಿ ಅಕ್ಷತೆಯನ್ನೂ ತಂದಿದ್ದರು. ಸಿ.ಡಿ. ಹಾಕಿದೆ. ಚಿತ್ರ ಚೆನ್ನಾಗಿಯೇ ಬಂತು. ದನಿ ಮಾತ್ರ ಹಿಂದೆ ಉಳಿಯಿತು. ಐನೋರು ಮಂತ್ರಕ್ಕೆ ಬಾಯಿ ಆಡಿಸಿದರೆ ಅಲ್ಲಿಂದ ಯಾರೋ ಹೆಂಗಸು, "ನಮಗೆ ಕೊಟ್ಟಿರೋ ಸೀರೆಗೆ ಸೆರಗೇ ಇಲ್ಲ" ಅಂದಳು. ಶಾರದ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ತಾಳಿಯ ಸಮಯ ಬಂತು. ಐನೋರು ಕೈ ಎತ್ತಿದರು, ಮದುಮಗ ಬಗ್ಗಿ ಗಂಟು ಹಾಕಿದ. ಆ ಪವಿತ್ರ ಗಳಿಗೆಯಲ್ಲಿ ಸ್ಪೀಕರಿನಿಂದ ಬಂದದ್ದು ಯಾರದೋ "ಆಕ್ಷೀ" ಎಂಬ ಭರ್ಜರಿ ಸೀನು. ಗಟ್ಟಿಮೇಳ ಮೊಳಗಿದ್ದು ಮದುಮಗ ಬೆವರು ಒರೆಸಿಕೊಳ್ಳುವಾಗ.

ಅತ್ತೆಯ ಮುಖ ಬಾಡಿಹೋಯಿತು. ತಾಳಿ ಹೊತ್ತಲ್ಲಿ ಕೆಟ್ಟ ಸದ್ದು ಕಿವಿಗೆ ಬೀಳಬಾರದು ಅಂತಲೇ ಗಟ್ಟಿಮೇಳ ಬಾರಿಸುವುದು. "ಯಾರೋ ಸೀನ್ಬುಟ್ರಲ್ಲ ಅಳಿದೇವ್ರೇ, ನನ್ ಮಗಳ ತಾಳಿಗೆ. ಇದೇನ್ ಇಂಗಾಯ್ತು?" ಎಂದು ಕಣ್ಣೊರೆಸಿಕೊಂಡರು.

"ಅದು ಮೆಷಿನ್ ದೋಷ ಅತ್ತೆ, ಈಗಲೇ ಸರಿ ಮಾಡ್ತೀನಿ" ಎಂದೆ.

ಸಿ.ಡಿ.ಯನ್ನು ಪಂಚೆಯ ತುದಿಯಲ್ಲಿ ಒರೆಸಿದೆ. ಮತ್ತೆ ಸೀನೇ. ಕಂಪ್ಯೂಟರನ್ನೇ ಆರಿಸಿ ಹಾಕಿದೆ, ಅದೇ ಸೀನು. ಹಿಂದೆ ಬಿದ್ದ ದನಿ ಬಂದು ಸೇರಿಕೊಳ್ಳಲಿ ಎಂಬ ಉದಾರ ಬುದ್ಧಿಯಿಂದ ಚಿತ್ರವನ್ನು ನಿಲ್ಲಿಸಿ ಕಾದೆ. ದನಿಯೂ ಮರ್ಯಾದೆಯಾಗಿ ನಿಂತು ನನಗಾಗಿ ಕಾಯಿತು. ಕಂಪ್ಯೂಟರಿಗೆ ಭಾರ ಜಾಸ್ತಿಯಾಗಿರಬಹುದೆಂದು ಒಳಗಿದ್ದ ಆಟಗಳನ್ನೆಲ್ಲ ಅಳಿಸಿದೆ. ಶಾರದ ದಿನವೂ ಆಡುತ್ತಿದ್ದ ಇಸ್ಪೀಟೂ ಹೋಯಿತು. ಅವಳ ನಗು ಅಲ್ಲಿಗೆ ನಿಂತಿತು.

ಮಾವ ಅಲ್ಲಿಯವರೆಗೆ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು. ಅರಿಶಿನ ಬೆಳೆಯುವವರು. ಸ್ಪೀಕರಿನ ವೈರನ್ನು ಕಣ್ಣಲ್ಲೇ ಅಳೆದು, "ಅಳಿದೇವ್ರೇ, ಪಂಪ್‌ಸೆಟ್ ಸ್ವಿಚ್ ಹಾಕುದ್ ತಕ್ಷಣ ಕೊನೇ ಮಡಿಗೆ ನೀರು ಓಗ್ಬುಟ್ಟದಾ? ಪೈಪು ಉದ್ದ ಆದಷ್ಟೂ ತಡ. ಈ ವೈರು ನೋಡಿ, ಮೇಜು ಇಳ್ದು, ಗೋಡೆ ಸುತ್ಕಂಡು ಓಗದೆ" ಎಂದರು.

ನಾನು ಪದವೀಧರ. ಕರೆಂಟಿಗೆ ನೀರಿನ ನಿಯಮ ಅನ್ವಯಿಸುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆದರೂ ಆ ಕ್ಷಣದಲ್ಲಿ ಮಾವನ ಮಾತು ವೇದವಾಕ್ಯದಂತೆ ಕೇಳಿಸಿತು.

"ರೀ, ಬೇಡ" ಎಂದಳು ಶಾರದ.

"ನಿನಗೆ ತಾಂತ್ರಿಕ ವಿಷಯ ಗೊತ್ತಾಗಲ್ಲ" ಎಂದು ಅಡಕತ್ತರಿಯಿಂದ ವೈರನ್ನು ಕತ್ತರಿಸಿದೆ. ನಡುವಿನ ಉದ್ದವನ್ನು ತೆಗೆದುಹಾಕಿ ತುದಿಗಳನ್ನು ಸೇರಿಸಲು ಹೋದರೆ ಒಳಗೆ ಕೂದಲೆಳೆಯಂಥ ತಂತಿಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ನನಗೆ ಸರಿಕಂಡ ಹಾಗೆ ಹೊಸೆದೆ. ಚಿತ್ರ ಹಾಕಿದೆ. ಸೀನು ಬರಲಿಲ್ಲ. ಗಟ್ಟಿಮೇಳವೂ ಬರಲಿಲ್ಲ. ಏನೂ ಬರಲಿಲ್ಲ.

"ನೀರೇ ನಿಂತೋಯ್ತಲ್ಲ" ಎಂದರು ಮಾವ.

ನಾನು ತಲೆ ತಗ್ಗಿಸಿ ನಿಂತಿದ್ದೆ. ಆಗ ಅತ್ತೆಯೇ ಎದ್ದು ಅಕ್ಷತೆ ಬಟ್ಟಲು ಕೈಗೆ ತೆಗೆದುಕೊಂಡರು. "ಸದ್ದು ಇಲ್ದಿದ್ರೆ ಬುಡಿ, ಕೆಟ್ಟದ್ದೂ ಕೇಳಕಿಲ್ವಲ್ಲ. ನಾವೇ ಸೋಬಾನೆ ಏಳ್ಕತೀವಿ. ಶಾರದ, ಬಾರವ್ವ. ಅಳಿದೇವ್ರೇ, ಆ ಸ್ಟೀಲ್ ತಟ್ಟೆ, ಸೌಟು ತಕಳಿ. ಗಂಟು ಬೀಳೋ ಗಳಿಗೇಲಿ ಬಡೀರಿ. ಅಷ್ಟು ಮಾಡ್ಬುಡಿ ಸಾಕು."

ತಾಯಿ ಮಗಳು ಸೋಬಾನೆ ಶುರು ಮಾಡಿದರು. ಮಾವ ಬಾಯಲ್ಲೇ ವಾಲಗ ಊದಿದರು. ನಾನು ತಟ್ಟೆ ಹಿಡಿದು ಸೈನಿಕನಂತೆ ಸಿದ್ಧನಾದೆ. ಮನೆ ನಿಜವಾಗಲೂ ಛತ್ರದಂತಾಯಿತು, ನನಗೂ ಖುಷಿ ತಡೆಯಲಾಗಲಿಲ್ಲ. ಐನೋರು ಕೈ ಎತ್ತಿದರು. ಅಷ್ಟರಲ್ಲಿ ಮಂಟಪದ ಮೂಲೆಯಲ್ಲಿ ಜರಿ ಪಂಚೆಯುಟ್ಟು ತಲೆ ಬಾಚಿಕೊಳ್ಳುತ್ತಿದ್ದ ಒಬ್ಬ ಸುಂದರಾಂಗ ಕಾಣಿಸಿದ. ಯಾರಪ್ಪಾ ಎಂದು ನೋಡಿದರೆ ನಾನೇ. ನೋಡುತ್ತಾ ನಿಂತುಬಿಟ್ಟೆ.

ಅತ್ತೆಯ ಅಕ್ಷತೆ ಪರದೆಗೆ ಬಿದ್ದ ಸದ್ದಿಗೆ ಎಚ್ಚರವಾಗಿ ತಟ್ಟೆ ಬಡಿಯತೊಡಗಿದೆ. ಮದುಮಗ ಆಗಲೇ ಬೆವರು ಒರೆಸಿಕೊಳ್ಳುತ್ತಿದ್ದ.

ಅತ್ತೆ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದರು. "ನೋಡ್ದೆ ಕಣವ್ವ ಶಾರದ, ನನ್ ಮಗಳ ತಾಳಿ ನೋಡ್ದೆ. ಪಾಪ, ಆ ಕಂಪ್ಯೂಟ್ರನ್ನ ಸುಮ್ಕೆ ಬೈದ್ಬುಟ್ಟೋ. ಯಜಮಾನ್ರು ಎಂಗೋ ಅದೂ ಅಂಗೇ."

ಆಮೇಲೆ ನಮ್ಮ ಮನೆಯಲ್ಲಿ ಆ ಕಂಪ್ಯೂಟರನ್ನು ಯಾರೂ ಬೈಯಲಿಲ್ಲ. ಬೈಸಿಕೊಳ್ಳಲು ನಾನಿದ್ದೆನಲ್ಲ.