ಸೀಟು ಹಿಡಿದ ಪುಸ್ತಕ

ಇಂಥವೆಲ್ಲ ನನ್ನ ಬಸ್ಸಿನಲ್ಲೇ ಯಾಕೆ ನಡೆಯುತ್ತವೋ ಗೊತ್ತಿಲ್ಲ. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿ ಮತ್ತೆ ಕೊಟ್ಟೂರಿಗೆ ಬರುವ ಬಸ್ಸಿನ ಕಂಡಕ್ಟರ್ ನಾನು. "ನಿಮ್ಮ ಬಾಯಿ ಕೇಳಾಕ ಜನ ಹತ್ತತಾರ್ರಿ ಮೇಡಂ" ಅಂತಾನೆ ಡ್ರೈವರ್. ಹತ್ತಲಿ. ನಮ್ಮ ಪ್ಯಾಸೆಂಜರುಗಳ ವಿಷಯದಲ್ಲಿ ನನಗೆ ಸ್ವಲ್ಪ ಜಂಭವೇ ಇದೆ.

೧. ಟವೆಲ್ ಇಲ್ಲದ ಮೇಷ್ಟ್ರು

ನಮ್ಮ ಕಡೆ ಸೀಟು ಬೇಕಾದವರು ಮೊದಲು ಬರುವುದು ಬಾಗಿಲಿಗಲ್ಲ, ಕಿಟಕಿಗೆ. ಟವೆಲ್, ಚೀಲ, ಹೂವಿನ ಬುಟ್ಟಿ ಏನಾದರೂ ಒಳಗೆ ಹಾಕುತ್ತಾರೆ. ಒಬ್ಬಾಕೆ ಅಳುವ ಮೊಮ್ಮಗನನ್ನೇ ಇಳಿಸಿದ್ದಳು. ಅವತ್ತು ಕೂಡ್ಲಿಗಿಯಲ್ಲಿ ಕೊಟ್ಟೂರಿನ ರಿಟೈರ್ಡ್ ಮೇಷ್ಟ್ರೊಬ್ಬರು ಟವೆಲ್ ಇಲ್ಲದೆ ಒಂದು ಹಳೇ ಕಾದಂಬರಿ ಹಾಕಿದರು. ಒಬ್ಬ ಮನುಷ್ಯ ಜಗತ್ತನ್ನೇ ಸುತ್ತಿ ಬರಲು ಹೊರಡುವ ಕಥೆ.

"ಜೋಪಾನ್ರಿ ಮೇಡಂ. ನಮ್ಮನಿಯಾಕಿಗೆ ಕಣ್ಣಿನ ಆಪರೇಷನ್ ಆಗೇತಿ. ದಿನಾ ಸಂಜಿಕ ಓದಿ ಹೇಳ್ತೀನಿ. ಆ ಮನುಷ್ಯ ನಡು ಸಮುದ್ರದಾಗ ಸಿಕ್ಕಾನ, ಇವತ್ತು ಕಥಿ ಮುಗಿಸ್ಲಿಲ್ಲಂದ್ರ ಆಕಿ ನನಗ ಊಟ ಹಾಕಂಗಿಲ್ಲ."

ಹೇಳಿ ಚಹಾಕ್ಕೆ ಹೋದರು. ಬಂದವರು ಮರೆತು ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಕೊಟ್ಟೂರು ಬಸ್ಸು ಹತ್ತಿ, ಅಲ್ಲಿ ಆರಾಮಾಗಿ ಕೂತು ನಿದ್ದೆ ಹೊಡೆದರಂತೆ. ಸೀಟು ನನ್ನ ಬಸ್ಸಿನಲ್ಲಿ, ಮೇಷ್ಟ್ರು ಇನ್ನೊಂದರಲ್ಲಿ.

೨. ಕೂತಿದ್ದು ಪುಸ್ತಕ, ನಿಂತಿದ್ದು ಜನ

ಕೊಟ್ಟೂರು ದಾಟಿತು. ಬಸ್ಸು ಕಿಕ್ಕಿರಿದಿದೆ, ಆ ಸೀಟು ಮಾತ್ರ ಖಾಲಿ. ಟವೆಲ್ ಆಗಿದ್ದರೆ ಎಂದೋ ಎತ್ತಿ ಒಗೆಯುತ್ತಿದ್ದರು. ಪುಸ್ತಕ ನೋಡ್ರಿ, ಕಾಲು ತಾಕಿದರೂ ಕಣ್ಣಿಗೊತ್ತಿಕೊಳ್ಳುವ ಜನ ನಮ್ಮವರು. ಒಬ್ಬ ದೊಡ್ಡ ಹೊಟ್ಟೆಯ ಯಜಮಾನರು ಕಂಬಿ ಹಿಡಿದು ಬೆವರುತ್ತಿದ್ದರು.

"ಕುಂಡ್ರಿ ಯಜಮಾನ್ರೇ" ಅಂದೆ.

"ಸರಸ್ವತಿ ಕುಂತಾಳಲ್ಲವ್ವಾ. ನೀನು ಟಿಕೆಟ್ ಕೇಳಿದಿ ಏನು ಆಕಿಗೆ?"

೩. ತೆಲಿಗಿ ಬಸ್ಸು

ಹಡಗಲಿಯಲ್ಲಿ ಒಬ್ಬರು ಅಂಗನವಾಡಿ ಟೀಚರ್ ಹತ್ತಿದರು. ಪುಸ್ತಕ ಎತ್ತಿಕೊಂಡು ಸೀಟಿನ ಮೇಲೆ ತಮ್ಮ ಕರ್ಚೀಫ್ ಇಟ್ಟು, ಅಂದರೆ ಪುಸ್ತಕದ ಜಾಗವನ್ನು ಪುಸ್ತಕಕ್ಕೇ ಹಿಡಿದು, ಗುರುತಿಟ್ಟ ಪುಟದಿಂದ ನಿಂತೇ ಓದತೊಡಗಿದರು. "ಜೋರಾಗಿ ಓದ್ರಿ" ಅಂದಿತು ಬಸ್ಸು. ಉಳಿದಿದ್ದೇ ಸ್ವಲ್ಪ ಪುಟ. ಕಥೆಯಲ್ಲಿ ಬಿರುಗಾಳಿ ಬಂದಾಗ ಡ್ರೈವರ್ ಕೂಡ ಸ್ಪೀಡು ಇಳಿಸಿದ.

ಹರಪನಹಳ್ಳಿ ಸ್ಟ್ಯಾಂಡ್ ಬಂದರೂ ಯಾರೂ ಇಳಿಯಲಿಲ್ಲ, ಅಲ್ಲಿ ಬಸ್ಸು ಬದಲಿಸಿ ತೆಲಿಗಿ ಊರಿಗೆ ಹೋಗಬೇಕಿದ್ದ ಅಜ್ಜಿಯೊಬ್ಬಳೂ ಸಹ. "ಅಜ್ಜೀ, ನಿನ್ನ ತೆಲಿಗಿ ಬಸ್ಸು ಹೊಂಟತು ನೋಡು" ಅಂತ ಕೂಗಿದೆ.

"ಹೋಗ್ಲಿ ಬಿಡವ್ವಾ, ತೆಲಿಗಿ ಎಲ್ಲಿ ಓಡಿ ಹೋಗತೈತಿ? ಆ ಮನುಷ್ಯ ಮುಳುಗಿದನೋ ಉಳಿದನೋ ಮೊದ್ಲು ಹೇಳಸು!"

೪. ಕಡೀ ಪುಟ

ಕಥೆ ಮುಗಿದು, ಅಜ್ಜಿ ಕಣ್ಣೊರೆಸಿಕೊಂಡು ಇಳಿದು ಹೋದ ಮೇಲೆ ಮೇಷ್ಟ್ರು ಓಡಿ ಬಂದರು. ಒಂದೊಂದು ಊರಲ್ಲೂ ನಮ್ಮ ಹಿಂದಿನ ಬಸ್ಸು ಹಿಡಿದು, ನಮ್ಮ ಹಾಗೇ ಪೂರ್ತಿ ಸುತ್ತಿದ್ದರು. ಮುಖದಲ್ಲಿ ಸುಸ್ತಿಗಿಂತ ಹೆಮ್ಮೆಯೇ ಜಾಸ್ತಿ. "ನಾನೂ ಒಂದು ಸುತ್ತು ಹಾಕಿದೆ ಬಿಡ್ರಿ!" ಸೀಟಿಗೆ ಕೂರಲು ಹೋದರೆ ನಿಂತವರೆಲ್ಲ ತಡೆದರು. "ಪುಸ್ತಕದೋರು ಬರತಾರ, ಏಳ್ರಿ."

"ಆ ಪುಸ್ತಕದೋನು ನಾನೇ!"

"ಹಂಗಂದ್ರ ಕಥಿ ಕಡೀಕ ಏನಾತು ಹೇಳ್ರಿ ನೋಡೋಣು."

ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡರು. "ನನಗ ಗೊತ್ತಿಲ್ಲ, ನೀವೂ ಹೇಳಬ್ಯಾಡ್ರಿ! ಸಂಜಿಕ ನಾನೂ ಆಕಿ ಕೂಡೇ ಓದಬೇಕು."

ಅಲ್ಲಿಂದ ಕೊಟ್ಟೂರಿನವರೆಗೆ ಬಸ್ಸು ತುಟಿ ಬಿಚ್ಚಲಿಲ್ಲ. ಇಷ್ಟು ವರ್ಷದ ಸರ್ವಿಸಿನಲ್ಲಿ ಅಷ್ಟು ಮೌನ ನಾನು ಕಂಡಿಲ್ಲ. ನನ್ನ ಎದೆ ಉಬ್ಬಿ ಹೋಯಿತು.

ಕೊಟ್ಟೂರು ಸ್ಟ್ಯಾಂಡಿನಲ್ಲಿ ಕಪ್ಪು ಕನ್ನಡಕದ ಅಮ್ಮನವರು ಕಾಯುತ್ತಿದ್ದರು. ಮೇಷ್ಟ್ರು ಪುಸ್ತಕ ಎತ್ತಿ ತೋರಿಸುತ್ತ ಆಟೋ ಕರೆಯಲು ಮುಂದೆ ಹೋದರು. ಅಷ್ಟು ಹೊತ್ತು ತಡೆದುಕೊಂಡಿದ್ದ ನಮ್ಮ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಪಿಸುಗುಟ್ಟಿಯೇ ಬಿಟ್ಟ. "ಅಮ್ಮಾ, ಚಿಂತಿ ಮಾಡಬ್ಯಾಡ್ರಿ, ಆತ ಉಳೀತಾನ!"

ಅಮ್ಮ ಗಾಬರಿಯಿಂದ ಗಂಡನ ಕಡೆ ನೋಡಿ ದನಿ ತಗ್ಗಿಸಿದರು. "ಮೆಲ್ಲಗಪ್ಪಾ! ಬಾಜೂ ಮನಿಯಾಕಿ ಕಡಿಂದ ಕಡೀ ಪುಟ ನಾನು ಹೋದ ವಾರನ ಓದಿಸಿಕೊಂಡೀನಿ. ಅವರಿಗೆ ತಿಳೀತಂದ್ರ ಓದಿ ಹೇಳೋದ ಬಿಟ್ಟಾರು!"