ತಂದೆಯ ಹೆಸರು

ಸಿಪಾಯಿಯ ಸೇವಾ ಪುಸ್ತಕದಲ್ಲಿ ‘ಮಕ್ಕಳು’ ಎಂಬ ಮಾತಿನ ಮುಂದೆ ಒಂದು ಸಣ್ಣ ಅಡ್ಡಗೆರೆ ಎಳೆದಿತ್ತು. ರಗಳೆಯೆಲ್ಲ ಹುಟ್ಟಿಕೊಂಡದ್ದು ಅದರಿಂದ. ಮಗಳು ಹುಟ್ಟಿ ನಲವತ್ತು ದಿನವಾಗಿತ್ತು. ಮದುವೆ ಮಾತ್ರ ಆಗಿರಲಿಲ್ಲ. ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ರಜೆ ರದ್ದಾಗಿತ್ತು. ಮಗು ರಜೆಗೆ ಕಾಯಲಿಲ್ಲ. ಈಗ ಸಂಜೆ ಐದಕ್ಕೆ ಗಡಿಗೆ ಹೊರಡುವ ಲಾರಿ ಹತ್ತಬೇಕು. ಅಲ್ಲಿ ತನಗೇನಾದರೂ ಆದರೆ ಮಗುವಿಗೆ ದಿಕ್ಕಿಲ್ಲ ಎಂಬ ಚಿಂತೆ ಎರಡು ದಿನದಿಂದ ಅವನನ್ನು ಕೊರೆಯುತ್ತಿತ್ತು.

“ಮಗು ನಿಂದು ಅನ್ನೋಕೆ ಏನಪ್ಪಾ ದಾಖಲೆ?” ಎಂದ ರೆಜಿಮೆಂಟು ಕಚೇರಿಯ ಹೆಡ್ ಕ್ಲರ್ಕು.

“ನಾನೇ ಹೇಳ್ತಿದೀನಲ್ಲ ಸಾರ್.”

“ನೀನು ಹೇಳಿದ್ರೆ ಆಯ್ತಾ? ಜನನ ಪತ್ರದಲ್ಲಿ ಇರ್ಬೇಕು. ಲಾರಿ ಹೊರಡೋದ್ರೊಳಗೆ ತಾ, ಬರ್ಕೋತೀನಿ.”

ಸುದ್ದಿ ಬ್ಯಾರಕ್ಕು ಮುಟ್ಟಲು ಎರಡು ನಿಮಿಷ ಸಾಕಾಯಿತು. ಕಿವಿ ಹೋಲಿದರೆ ಆಯಿತು, ಇನ್ನೇನು ದಾಖಲೆ ಎಂದ ಅಡುಗೆಯವ. ತನ್ನ ಭಾವಮೈದುನನ ವಿಷಯದಲ್ಲಿ ರಕ್ತ ಪರೀಕ್ಷೆಗೇ ಏಳು ತಿಂಗಳು ಹಿಡಿಯಿತೆಂದು ಜೀಪಿನ ಡ್ರೈವರ್ ಧೈರ್ಯ ತುಂಬಿದ. ಸಾಕ್ಷಿ ಹಾಕುತ್ತೇವೆಂದು ಇಬ್ಬರೂ ಬೆನ್ನು ಹತ್ತಿದರು.

ನೋಂದಣಿ ಕಚೇರಿಯಲ್ಲಿ ಮಗುವನ್ನೆತ್ತಿಕೊಂಡು ಅದರ ತಾಯಿ ಕಾಯುತ್ತಿದ್ದಳು. ಮೊದಲ ಕಿಟಕಿ ಎರಡನೆಯದಕ್ಕೆ ಕಳಿಸಿತು. ಎರಡನೆಯದು ಊಟಕ್ಕೆ ಹೋಯಿತು. ಮಗು ರಾಗ ತೆಗೆಯಿತು. ಅಡುಗೆಯವ ಅದರ ಕಿವಿ ಹಿಡಿದು, “ಈ ಕಿವಿ ನೋಡಿ, ಆಮೇಲೆ ಇವನ ಕಿವಿ ನೋಡಿ” ಎಂದು ಸಾಲಿನಲ್ಲಿದ್ದವರಿಗೆಲ್ಲ ತೋರಿಸುತ್ತ ಹೋದ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಸಿಪಾಯಿಗೆ.

ನಾಲ್ಕು ಗಂಟೆಗೆ ಫಾರಂ ಸಿಕ್ಕಿತು.

“ಬೇಗ ಬರೀರಿ. ಹೊಡೆದು ತಿದ್ದಿದ್ರೆ ತಗೊಳ್ಳಲ್ಲ” ಎಂದಳು ಗುಮಾಸ್ತೆ.

ಬೂಟಿಗೆ, ಕಂಬಳಿಗೆ, ಹಲ್ಲು ಕೀಳಿಸುವುದಕ್ಕೂ ಹನ್ನೊಂದು ವರ್ಷ ಫಾರಂ ತುಂಬಿದ ಕೈ ಅದು. ತಲೆಯನ್ನು ಕೇಳುವ ಗೋಜಿಗೆ ಹೋಗದೆ ಸರಸರನೆ ಬರೆದು ಮುಗಿಸಿತು. ಸಾಕ್ಷಿಗಳು ಓದದೆಯೇ ಸಹಿ ಜಡಿದರು.

“ಸರಿಯಾಗಿ ಬರೆದ್ರಾ?” ಎಂದು ಮಗುವನ್ನು ಭುಜಕ್ಕೆ ಹಾಕಿಕೊಂಡು ಸಹಿ ಮಾಡುತ್ತ ಕೇಳಿದಳು ತಾಯಿ.

“ಫಾರಂ ವಿಷಯದಲ್ಲಿ ನಾನು ನಿದ್ದೇಲೂ ತಪ್ಪಲ್ಲ, ಬಿಡು.”

ಗುಮಾಸ್ತೆ ಫಾರಂ ನೋಡಿದಳು, ಸಿಪಾಯಿಯ ಗುರುತಿನ ಚೀಟಿ ನೋಡಿದಳು, ಮತ್ತೆ ಫಾರಂ ನೋಡಿದಳು. ಅವಳ ಮುಖ ಮೆತ್ತಗಾಯಿತು.

“ದೊಡ್ಡ ಮನಸ್ಸು ಕಣ್ರೀ ನಿಮ್ದು. ಬೇರೆಯವರಾಗಿದ್ರೆ ಈ ಕಡೆ ತಲೆ ಹಾಕ್ತಿರಲಿಲ್ಲ.”

“ನನ್ನ ಕರ್ತವ್ಯ ಮೇಡಂ” ಎಂದು ಅವನು ಎದೆಯುಬ್ಬಿಸಿದ. ಠಸ್ಸೆ ಬಿತ್ತು.

ಐದಕ್ಕೆ ಕಾಲು ಗಂಟೆಯಿರುವಾಗ ಎಲ್ಲರೂ ಏದುಸಿರು ಬಿಡುತ್ತ ಹೆಡ್ ಕ್ಲರ್ಕಿನ ಮುಂದೆ ನಿಂತರು. ಅವನು ಪತ್ರ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಆಮೇಲೆ ಸೇವಾ ಪುಸ್ತಕ ತೆರೆದು ಬರೆದ.

“ಆಯ್ತು. ತಂಗಿ ಅಂತ ಹಾಕಿದೀನಿ.”

“ತಂಗಿನಾ?”

“ಇನ್ನೇನು ಮತ್ತೆ? ತಂದೆಯ ಹೆಸರು ಅನ್ನೋ ಕಡೆ ನಿಮ್ಮಪ್ಪನ ಹೆಸರು ಬರೆದಿದ್ದೀಯ.”

ಸಿಪಾಯಿ ಪತ್ರ ಕಿತ್ತುಕೊಂಡು ನೋಡಿದ. ಹನ್ನೊಂದು ವರ್ಷ ಆ ಜಾಗದಲ್ಲಿ ಅವನು ಬರೆದದ್ದು ಅದೊಂದೇ ಹೆಸರು.

“ತಿದ್ದೋಕಾಗಲ್ವಾ ಸಾರ್?”

“ನಿಮ್ಮಪ್ಪ ಬಂದು, ಮಗು ನಂದಲ್ಲ ಅಂತ ಬರ್ಕೊಡ್ಬೇಕು.”

“ಅವರಿಗೆ ಮಗು ಹುಟ್ಟಿರೋದೇ ಹೇಳಿಲ್ಲ ಸಾರ್.”

“ತಂದೆ ಆದೋರಿಗೆ ತಿಳಿಸ್ದೆ ಇರೋಕಾಗುತ್ತಾ?”

ಸಿಪಾಯಿಗೆ ಅಳು ಒತ್ತರಿಸಿ ಬಂತು. “ಮುಂದಿನ ರಜೆಯಲ್ಲಿ ಮದುವೆ ಆಗ್ತೀವಿ. ಆಗಲಾದ್ರೂ ಸರಿಹೋಗುತ್ತಲ್ಲ?”

ಹೆಡ್ ಕ್ಲರ್ಕು ಅಡ್ಡಡ್ಡ ತಲೆಯಾಡಿಸಿದ. “ಮದುವೆ ಅರ್ಜಿಗೂ ಇದೇ ಪತ್ರ ಲಗತ್ತಿಸ್ಬೇಕಪ್ಪಾ. ಇದರ ಪ್ರಕಾರ ಈಕೆ ನಿಮ್ಮಪ್ಪನ ಮಗಳಿಗೆ ತಾಯಿ. ನಿನಗೆ ಚಿಕ್ಕಮ್ಮ ಆಗ್ಬೇಕು. ಕಾನೂನು ಒಪ್ಪಲ್ಲ.”

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಡ್ರೈವರ್, ಅಡುಗೆಯವ ಸೇರಿ ಅವನನ್ನು ಹೆಚ್ಚುಕಡಿಮೆ ಎತ್ತಿಯೇ ಲಾರಿಗೆ ಹಾಕಿದರು. ಅವಳು ಮಗುವನ್ನೆತ್ತಿಕೊಂಡು ಕೆಳಗೆ ನಿಂತಳು. ಒಂದು ದಿನವೂ ಅವನನ್ನು ಏಕವಚನದಲ್ಲಿ ಕರೆದವಳಲ್ಲ. ಲಾರಿ ಅಲುಗಿತು, ಅವಳ ಕಣ್ಣು ತುಂಬಿತು, ಹಲ್ಲು ಕಚ್ಚಿಕೊಂಡಳು.

“ಹುಷಾರಾಗಿ ಹೋಗ್ಬಾ ಮಗನೇ” ಎಂದಳು.